ಮದ್ದಿಗೂ ಬೇಕು ಅಕ್ಷರದ ಆಸರೆ

ಗ್ರಾಫಿಕ್ ಡಿಸೈನ್ ಎಂದೊಡನೆ ನಿಮ್ಮ ಕಣ್ಣೆದುರು ಏನು ಬರುತ್ತದೆ? ಸಿನಿಮಾ ಪೋಸ್ಟರ್, ಮೊಬೈಲ್ ಕಂಪನಿಯ ಜಾಹೀರಾತು, ಶೂಗಳ ಮೇಲಿನ ಗುರುತು, ಅಲ್ಲವೆ? ಮರದ ಬೆಂಚು, ಡೆಟಾಲ್ ವಾಸನೆ, ಗೋಡೆಗೆ ಅಂಟಿಸಿದ ಹಳೆಯ ನೋಟೀಸುಗಳಿರುವ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರ ಯಾರ ನೆನಪಿಗೂ ಬರಲಾರದು. ಆದರೆ ಚಿತ್ರಕ್ಕೂ ಅಕ್ಷರಕ್ಕೂ ನಿಜವಾದ ಪರೀಕ್ಷೆ ನಡೆಯುವುದು ಅಂಥ ಜಾಗದಲ್ಲೇ. ಜಾಹೀರಾತು ಅರ್ಥವಾಗದಿದ್ದರೆ ಒಂದು ಸೋಪು ಮಾರಾಟವಾಗುವುದಿಲ್ಲ, ಅಷ್ಟೆ. ಔಷಧಿಯ ಚೀಟಿ ಅರ್ಥವಾಗದಿದ್ದರೆ?

ನಮ್ಮ ಸಂಘದ ಬಳಗದ ಹುಡುಗಿಯೊಬ್ಬಳು ಇಲ್ಲಿ ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವಳು. ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್. ಮನೆಯಲ್ಲಿ ಕನ್ನಡ, ಅದೂ ಮಾತಿಗಷ್ಟೇ. ಡಿಸೈನ್ ಪದವಿ ಓದುತ್ತಿರುವ ಅವಳು ಕಳೆದ ಬೇಸಿಗೆಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ನಗರದ ವಿಶ್ವವಿದ್ಯಾಲಯವೊಂದರ ಆರೋಗ್ಯ ಕೇಂದ್ರವನ್ನು ಆರಿಸಿಕೊಂಡಳು. ಗೆಳತಿಯರೆಲ್ಲ ಹೆಸರಾಂತ ಜಾಹೀರಾತು ಸಂಸ್ಥೆಗಳಿಗೆ ಹೋದರು. "ಆಸ್ಪತ್ರೆಯ ಬೋರ್ಡು ಬರೆಯೋದಕ್ಕೆ ಇಷ್ಟು ಫೀಸು ಕಟ್ಟಿ ಓದಿಸಬೇಕಿತ್ತೆ?" ಎಂದರು ಅವಳ ತಂದೆ. ಮಗಳು ಈ ಓದನ್ನು ಬಿಟ್ಟು ಎಂಬಿಎ ಕಡೆ ತಿರುಗಲಿ ಎಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು. ಹಾಗಾಗಿ ಆ ಎರಡು ತಿಂಗಳು ಅವಳ ಮಟ್ಟಿಗೆ ಕೇವಲ ಸರ್ಟಿಫಿಕೇಟಿನ ಪ್ರಶ್ನೆಯಾಗಿರಲಿಲ್ಲ.

ಚಿತ್ರ ಪ್ರಾಣ ಉಳಿಸಿದ ಕಥೆ ಹೊಸದೇನಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮಗೆ ದೀಪ ಹಿಡಿದ ದಾದಿಯ ನೆನಪು. ಆದರೆ ಆಕೆ ಲೆಕ್ಕಶಾಸ್ತ್ರದಲ್ಲೂ ನಿಪುಣೆ. ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಂದ ಸತ್ತ ಸೈನಿಕರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಹೆಚ್ಚು ಎಂಬುದನ್ನು 1858ರಲ್ಲಿ ಆಕೆ ಹೂವಿನ ಎಸಳುಗಳಂತೆ ಕಾಣುವ ಬಣ್ಣದ ನಕ್ಷೆಯಲ್ಲಿ ತೋರಿಸಿದರು. ಅಂಕಿಗಳ ಉದ್ದನೆಯ ಪಟ್ಟಿ ಓದುವ ತಾಳ್ಮೆಯಿಲ್ಲದವರಿಗೂ ಆ ನಕ್ಷೆ ಒಂದೇ ನೋಟಕ್ಕೆ ತಿಳಿಯುವಂತಿತ್ತು. ನಮ್ಮ ದೇಶದ ಉದಾಹರಣೆ ಬೇಕೆ? ನಿಮ್ಮ ಅಜ್ಜ ಅಜ್ಜಿಯರನ್ನು ಕೆಂಪು ತ್ರಿಕೋನದ ಬಗ್ಗೆ ಕೇಳಿ ನೋಡಿ. 1960ರ ದಶಕದ ಕೊನೆಯಿಂದ ಹಳ್ಳಿಹಳ್ಳಿಯ ಗೋಡೆಗಳ ಮೇಲೆ ಮೂಡಿದ ಆ ತಲೆಕೆಳಗಾದ ತ್ರಿಕೋನವನ್ನು ಕಂಡರೆ ಓದು ಬಾರದವರೂ "ಕುಟುಂಬ ಯೋಜನೆ" ಎನ್ನುತ್ತಿದ್ದರು.

ಇನ್ನು ನಮ್ಮ ಹುಡುಗಿಯ ಕೆಲಸಕ್ಕೆ ಬರೋಣ. ಆರೋಗ್ಯ ಕೇಂದ್ರಕ್ಕೆ ವಿದ್ಯಾರ್ಥಿಗಳಷ್ಟೇ ಬರುವುದಿಲ್ಲ. ಮೆಸ್ಸಿನ ಅಡಿಗೆಯವರು, ಕಾವಲುಗಾರರು, ಕಸ ಗುಡಿಸುವವರೂ ಬರುತ್ತಾರೆ. ಅವರಲ್ಲಿ ಕಲಬುರಗಿ, ರಾಯಚೂರು, ಬೀದರ ಕಡೆಯಿಂದ ದುಡಿಯಲು ಬಂದವರೂ ಇದ್ದಾರೆ. ಅವಳಿಗೆ ವಹಿಸಿದ ಮೊದಲ ಕೆಲಸ ಮಾತ್ರೆ ಹಾಕಿಕೊಡುವ ಕಾಗದದ ಪೊಟ್ಟಣ. ಹುಟ್ಟುವ ಸೂರ್ಯ, ನಡುನೆತ್ತಿಯ ಸೂರ್ಯ, ಚಂದ್ರ, ಈ ಮೂರು ಚಿತ್ರಗಳನ್ನು ಸಾಲಾಗಿ ಬರೆದಳು. ಚೆಂದ ಕಾಣುತ್ತಿತ್ತು. ಅದನ್ನು ಸೇಡಂ ಕಡೆಯ, ಗುಡಿಸುವ ಕೆಲಸದ ಹೆಂಗಸಿಗೆ ತೋರಿಸಿದಾಗ ಆಕೆ ತಿರುಗಿಸಿ ಮುರುಗಿಸಿ ನೋಡಿ, "ಯವ್ವಾ, ಇದ್ರಾಗ ಸೂರ್ಯ ಅದಾನ. ಗುಳಗಿ ಬಿಸಿಲಾಗ ನಿಂತು ನುಂಗಬೇಕೇನು?" ಎಂದಳಂತೆ!

ನಗಬೇಡಿ. ತಪ್ಪು ಆ ತಾಯಿಯದಲ್ಲ, ಚಿತ್ರದ್ದು. ಸೂರ್ಯನೆಂದರೆ ಹೊತ್ತು ಎಂಬುದು ಕಲಿತವರ ಸಂಕೇತ. ಇನ್ನೊಂದು ತೊಡಕೂ ಇತ್ತು. ಉರ್ದು ಓದುವವರ ಕಣ್ಣು ಬಲದಿಂದ ಎಡಕ್ಕೆ ಓಡುತ್ತದೆ. ಅವರಿಗೆ ಆ ಸಾಲಿನಲ್ಲಿ ಮೊದಲು ಬರುವುದು ಚಂದ್ರ! ಆದ್ದರಿಂದ ಅವಳು ಚಿತ್ರಗಳನ್ನು ಒಂದರ ಕೆಳಗೊಂದು ಜೋಡಿಸಿದಳು. ಮೇಲಿನಿಂದ ಕೆಳಗೆ ಓದುವುದಕ್ಕೆ ಯಾವ ಭಾಷೆಯವರ ತಕರಾರೂ ಇಲ್ಲ. ಪ್ರತಿ ಚಿತ್ರದ ಪಕ್ಕದಲ್ಲಿ ಊಟದ ತಟ್ಟೆ, ನೀರಿನ ಲೋಟ, ಬಾಯಿಗೆ ಮಾತ್ರೆ ಹಾಕಿಕೊಳ್ಳುವ ಕೈ ಬಂದವು. ಎಷ್ಟು ಮಾತ್ರೆ ಎಂದು ಗುರುತು ಹಾಕಲು ಖಾಲಿ ಚೌಕಗಳು ಬಂದವು.

ಎರಡನೆಯ ಕೆಲಸ ನಾಯಿ ಕಡಿತದ ಪೋಸ್ಟರ್. ನಾಯಿ ಕಡಿದರೆ ಗಾಯವನ್ನು ತಕ್ಷಣ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಅನಂತರ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನ ಪುಡಿ ಯಾವುದೂ ಕೂಡದು. ಇಷ್ಟು ಬರೆಯುವುದು ಸುಲಭ. ಕಷ್ಟವಿದ್ದದ್ದು ಚುಚ್ಚುಮದ್ದಿನ ದಿನಗಳಲ್ಲಿ. ಸ್ನಾಯುವಿಗೆ ಕೊಡುವ ಲಸಿಕೆಯ ಕ್ರಮವನ್ನು ವೈದ್ಯರು 0, 3, 7, 14, 28 ಎಂದು ಬರೆಯುತ್ತಾರೆ. ಮೊದಲ ಚುಚ್ಚುಮದ್ದಿನ ದಿನವೇ ಅವರ ಸೊನ್ನೆ. ನಾವಾದರೋ ಅದನ್ನು ಒಂದು ಎಂದು ಎಣಿಸುತ್ತೇವೆ. ಸೋಮವಾರ ಶುರುವಾದರೆ ನಮ್ಮ ಮೂರನೆಯ ದಿನ ಬುಧವಾರ, ವೈದ್ಯರದು ಗುರುವಾರ. ಹುಡುಗಿ ಆ ಅಂಕಿಗಳನ್ನೇ ಕೈಬಿಟ್ಟಳು. ಜೇಬಿನಲ್ಲಿ ಹಿಡಿಯುವಷ್ಟು ಪುಟ್ಟ ಕಾರ್ಡು ಮಾಡಿ, ತಾರೀಖು ಮತ್ತು ವಾರಕ್ಕೆ ಖಾಲಿ ಜಾಗ ಬಿಟ್ಟಳು. ನರ್ಸಮ್ಮ ಅದನ್ನು ತುಂಬಿ ಕೊಡುತ್ತಾರೆ, ಎಣಿಸುವ ಗೊಡವೆಯೇ ಇಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕೈಹಾಕಿದರೆ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಆಸ್ಪತ್ರೆ ಎಂದೊಡನೆ ನಾವು ಬಿಳಿಯ ಮೇಲೆ ಕೆಂಪು ಶಿಲುಬೆಯ ಗುರುತು ಬರೆದುಬಿಡುತ್ತೇವೆ. ಅದು ಎಲ್ಲರ ಸೊತ್ತಲ್ಲ. 1864ರ ಜಿನೀವಾ ಒಪ್ಪಂದದಿಂದ ಬಂದ, ಯುದ್ಧಭೂಮಿಯಲ್ಲಿ ಶುಶ್ರೂಷೆ ಮಾಡುವವರಿಗೆ ರಕ್ಷಣೆ ಕೊಡುವ ಲಾಂಛನ ಅದು. ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ಈ ವಿಷಯ ತಿಳಿದ ಮೇಲೆ ಹುಡುಗಿ ತನ್ನ ಬೋರ್ಡುಗಳಿಗೆ ಸ್ಟೆತಾಸ್ಕೋಪಿನ ಚಿತ್ರ ಬರೆದಳು.

ಈಗ ನಮ್ಮ ಭಾಷೆಯ ಮಾತು. ಪೊಟ್ಟಣದ ಮೇಲೆ ತೆಲುಗು, ಉರ್ದು, ಹಿಂದಿ, ಇಂಗ್ಲಿಷ್ ಜೊತೆಗೆ ಕನ್ನಡವೂ ಇರಲಿ ಎಂದವಳು ಅವಳೇ. "ಬರೆಯುವವರು ಯಾರು?" ಎಂದರು ಡಾಕ್ಟರು. "ನಾನೇ" ಎಂದುಬಿಟ್ಟಳು, ಅಕ್ಷರ ಬಾರದಿದ್ದರೂ! ಆದರೆ ತೆಲುಗು ಓದಬಲ್ಲ ನಿಮಗೆ ಕನ್ನಡ ಲಿಪಿ ಪರಕೀಯವಲ್ಲ. ಎರಡೂ ಒಂದೇ ಮೂಲದಿಂದ ಕವಲೊಡೆದವು. ತಲೆಕಟ್ಟಿನ ರೂಪ ಬೇರೆ, ಕೆಲವು ಅಕ್ಷರಗಳ ತಿರುವು ಬೇರೆ, ಅಷ್ಟೆ. ರಾತ್ರಿ ಊಟವಾದ ಮೇಲೆ ಅಮ್ಮನ ಬಳಿ ಕೂತು ಎರಡು ವಾರದಲ್ಲಿ ಅವಳು ಓದಲು ಕಲಿತಳು. ಕಂಪ್ಯೂಟರು ಮಾತ್ರ ಸುಲಭಕ್ಕೆ ಒಗ್ಗಲಿಲ್ಲ. ಭಾರತೀಯ ಲಿಪಿಗಳಿಗೆ ಬೇಕಾದ ಸೆಟ್ಟಿಂಗ್ ಮಾಡದಿದ್ದರೆ ಕೆಲವು ಡಿಸೈನ್ ಸಾಫ್ಟ್‌ವೇರುಗಳಲ್ಲಿ "ರಾತ್ರಿ"ಯ ಒತ್ತಕ್ಷರ ಕಳಚಿ "ರಾತ್‌ರಿ" ಎಂದಾಗುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಇದನ್ನೆಲ್ಲ ಒಂದೊಂದಾಗಿ ಸರಿಪಡಿಸಬೇಕಾಯಿತು.

ಶಬ್ದದ ವಿಷಯದಲ್ಲೂ ಒಂದು ಪಾಠ. ಅವಳ ತಾಯಿ ಮೈಸೂರಿನವರು, "ಮಾತ್ರೆ" ಎಂದು ಬರೆದುಕೊಟ್ಟರು. ಸೇಡಮ್ಮಿನ ಆಕೆಗೆ ಅದು "ಗುಳಗಿ". ಕೊನೆಗೆ ಪೊಟ್ಟಣದ ಮೇಲೆ "ಗುಳಿಗೆ" ಎಂದೇ ಅಚ್ಚಾಯಿತು. ಯಾರಿಗಾಗಿ ಬರೆಯುತ್ತೇವೋ ಅವರ ಮಾತೇ ಅಲ್ಲಿ ಶುದ್ಧ ಕನ್ನಡ.

ಕೊನೆಯ ಪೋಸ್ಟರ್ ನಿಮ್ಮಂಥ ವಿದ್ಯಾರ್ಥಿಗಳಿಗಾಗಿ. ಪರೀಕ್ಷೆ, ಒಂಟಿತನ, ಮನೆಯವರ ನಿರೀಕ್ಷೆ, ಇವುಗಳ ಭಾರದಲ್ಲಿ ಕುಗ್ಗಿದ ಮಕ್ಕಳು ಎಷ್ಟೋ ಮಂದಿ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಆ ಸಂಖ್ಯೆಯನ್ನು ಮುಂಬಾಗಿಲಲ್ಲಿ ದೊಡ್ಡದಾಗಿ ಹಾಕೋಣ ಎಂದರು ಕೆಲವರು. "ಎಲ್ಲರೂ ನೋಡುವಾಗ ಅದನ್ನು ಬರೆದುಕೊಳ್ಳುವ ಧೈರ್ಯ ಯಾರಿಗಿರುತ್ತೆ ಆಂಟಿ?" ಎಂದು ಅವಳು ನನ್ನನ್ನು ಕೇಳಿದಳು. ಪೋಸ್ಟರು ಚಿಕ್ಕದಾಯಿತು. ಹಾಸ್ಟೆಲಿನ ಸ್ನಾನದ ಮನೆಯ ಬಾಗಿಲಿನ ಒಳಬದಿಗೆ ಹೋಯಿತು. ನೋವಿರುವವರು ಅಲ್ಲಿ ಒಬ್ಬರೇ ಇರುತ್ತಾರೆ, ಯಾರಿಗೂ ಕಾಣದಂತೆ ಓದಬಹುದು.

ತಂದೆ ಈಗ ಏನೆನ್ನುತ್ತಾರೆ? ಹೆಚ್ಚೇನೂ ಅನ್ನುವುದಿಲ್ಲ. ಎಂಬಿಎ ಮಾತು ಮಾತ್ರ ಸದ್ಯಕ್ಕೆ ನಿಂತಿದೆ. ತಮ್ಮ ಬಿಪಿ ಮಾತ್ರೆಗಳಿಗೂ ಅಂಥದೇ ಪೊಟ್ಟಣ ಬೇಕೆಂದು ಮಗಳನ್ನು ಕೇಳಿದ್ದಾರೆ.

ಈಗ ಅನೇಕ ಪದವಿ ತರಗತಿಗಳಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ನಿಮ್ಮ ಸರದಿ ಬಂದಾಗ ದೊಡ್ಡ ಹೆಸರಿನ ಕಚೇರಿಗಳ ಬಾಗಿಲನ್ನಷ್ಟೇ ತಟ್ಟಬೇಡಿ. ನಿಮ್ಮ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಅರ್ಧ ದಿನ ಬೆಂಚಿನ ಮೇಲೆ ಕೂತು ನೋಡಿ. ಯಾರು ಯಾವ ಬೋರ್ಡಿನ ಮುಂದೆ ತಬ್ಬಿಬ್ಬಾಗಿ ನಿಲ್ಲುತ್ತಾರೆ, ಒಂದೇ ಪ್ರಶ್ನೆಯನ್ನು ಎಷ್ಟು ಜನ ಕೇಳುತ್ತಾರೆ ಎಂದು ಬರೆದುಕೊಳ್ಳಿ. ಆ ಕಾಗದ ಹಿಡಿದು ವೈದ್ಯಾಧಿಕಾರಿಗಳ ಬಳಿ ಹೋದರೆ ಕೆಲಸ ತಾನಾಗಿ ಸಿಗುತ್ತದೆ. ಮಾಡಿದ್ದನ್ನು ಅಚ್ಚಿಗೆ ಕಳಿಸುವ ಮೊದಲು ವೈದ್ಯರಿಗೊಮ್ಮೆ, ಓದು ಬಾರದ ಒಬ್ಬರಿಗೊಮ್ಮೆ ತಪ್ಪದೆ ತೋರಿಸಿ. "ನಮಗೆ ಕನ್ನಡ ಸರಿಯಾಗಿ ಬರಲ್ಲ" ಎಂದು ಹಿಂಜರಿಯಬೇಡಿ. ನಿಮ್ಮ ಅರ್ಧಂಬರ್ಧ ಕನ್ನಡಕ್ಕಾಗಿ ಕಾದು ನಿಂತವರು ಈ ಊರಿನಲ್ಲಿ ಇದ್ದಾರೆ.