ಅಗ್ಗಿಷ್ಟಿಕೆಯ ಜೀರ್ಣೋದ್ಧಾರ

ಮಡಿಕೇರಿಯ ಮಳೆಯನ್ನು ಕಂಡವರಿಗೆ ಬೆಂಕಿಯ ಬೆಲೆಯನ್ನು ಹೇಳಿಕೊಡಬೇಕಾದ್ದಿಲ್ಲ. ನಿವೃತ್ತನಾದ ಮೇಲೆ ನಾನು ಬಂದು ನೆಲೆಸಿದ್ದು ಆ ಊರಿನ ಹಳೆಯ ಬಂಗಲೆಯೊಂದರಲ್ಲಿ. ಅದರ ನಡುಕೋಣೆಯ ಗೋಡೆಯಲ್ಲಿ ಇಂಗ್ಲಿಷರ ಕಾಲದ ಬೆಂಕಿಗೂಡೊಂದಿದೆ. ನಮ್ಮ ಅಗ್ಗಿಷ್ಟಿಕೆ ಎತ್ತಿ ಒಯ್ಯಬಹುದಾದ ಕೆಂಡದ ಪಾತ್ರೆ. ಇದಾದರೋ ಗೋಡೆಯೊಡನೆಯೇ ಹುಟ್ಟಿದ್ದು, ತಲೆಯ ಮೇಲೆ ಹೊಗೆಕೊಳವೆಯನ್ನು ಹೊತ್ತದ್ದು. ಬೇರೆ ಹೆಸರು ತೋರದೆ ಇದನ್ನೂ ಅಗ್ಗಿಷ್ಟಿಕೆಯೆಂದೇ ಕರೆಯುತ್ತೇವೆ.

ನಾನು ಬಂದಾಗ ಅದರ ಒಳಗಿನ ಇಟ್ಟಿಗೆಗಳ ಸಂದು ಉದುರಿತ್ತು. ಮುಂಗಟ್ಟೆಯ ಹಂಚುಗಳು ಒಡೆದಿದ್ದವು. ಹಳಗನ್ನಡ ಕಾವ್ಯಗಳ ತ್ರುಟಿತ ಪಾಠಗಳನ್ನು ಕೂಡಿಸುವ ಬಗೆಯನ್ನು ಬಹುಕಾಲ ಬೋಧಿಸಿದ್ದ ನನಗೆ ನಾಲ್ಕು ಇಟ್ಟಿಗೆಗಳ ಸಂದು ತುಂಬುವುದು ದೊಡ್ಡದೆನಿಸಲಿಲ್ಲ. ಸಿಮೆಂಟು ತರಿಸಿ ಬಿರುಕುಗಳನ್ನೆಲ್ಲ ಮುಚ್ಚಿದೆ. ಸ್ನಾನದ ಮನೆಗೆ ತಂದು ಮಿಕ್ಕಿದ್ದ ಹೊಳಪಿನ ಹಂಚುಗಳನ್ನು ಒಂದಕ್ಕೊಂದು ಒತ್ತಿ ಅಂಟಿಸಿದೆ. ನೋಡಿದವರು ಮೆಚ್ಚಿದರು.

ಆಷಾಢದಲ್ಲಿ ಬೆಂಕಿ ಹಚ್ಚಿದ ಮೂರನೆಯ ರಾತ್ರಿ ಹಂಚೊಂದು ಸಿಡಿದೆದ್ದಿತು. ಅದು ನಗುವ ಮಾತು. ಅದೇ ರಾತ್ರಿ, ಬೆಂಕಿಯ ಬಳಿ ಮಲಗಿದ್ದ ಮೊಮ್ಮಗಳು ತಲೆನೋವು, ವಾಕರಿಕೆಯೆಂದು ಎದ್ದು ಕುಳಿತಳು. ಅದು ನಗುವ ಮಾತಲ್ಲ. ಹೊರಜಗಲಿಯ ಗಾಳಿಗೆ ಕರೆದೊಯ್ದ ಮೇಲೆ ಚೇತರಿಸಿಕೊಂಡಳು. ಬೆಳಿಗ್ಗೆ ವೈದ್ಯರು ಕೇಳಿದ ಮೊದಲ ಪ್ರಶ್ನೆ: “ಹೊಗೆ ಸರಿಯಾಗಿ ಹೊರಗೆ ಹೋಗುತ್ತಿದೆಯೆ?”

ಗಾರೆಕೆಲಸದ ಹಿರಿಯರೊಬ್ಬರು ಬಂದು ನೋಡಿ, “ಮೇಷ್ಟ್ರೇ, ಗಾಯ ತೊಳೆಯದೆ ಪಟ್ಟಿ ಕಟ್ಟಿದ್ದೀರಿ” ಎಂದರು. ಹೊಗೆಕೊಳವೆಯ ಅರ್ಧ ಭಾಗವನ್ನು ಹಕ್ಕಿಗೂಡೊಂದು ಮುಚ್ಚಿತ್ತು. ಗಾಳಿ ಸಾಲದೆ ಸೌದೆ ಅರೆಬರೆಯಾಗಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೆಚ್ಚುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಿದ್ರೆಯಲ್ಲಿರುವವರು ಎಚ್ಚರಗೊಳ್ಳದೆಯೇ ಹೋಗಿಬಿಡಬಹುದು. ಆದ್ದರಿಂದ ದುರಸ್ತಿಯ ಮೊದಲ ಕೆಲಸ ಹಂಚಿನದಲ್ಲ, ಹೊಗೆಯ ದಾರಿಯದು. ಕೊಳವೆಯನ್ನು ಗುಡಿಸಿದ ಮೇಲೆ ಒಂದು ಹಾಳೆಯನ್ನು ಹೊತ್ತಿಸಿ ಹಿಡಿಯಬೇಕು. ಹೊಗೆ ಮೇಲಕ್ಕೆ ಸೆಳೆದುಕೊಂಡು ಹೋದರೆ ಮಾತ್ರ ಮುಂದಿನ ಮಾತು. ಮಳೆಗೆ ಜಾರುವ ಮಾಡಿನ ಮೇಲೆ ಹತ್ತುವ ಕೆಲಸವನ್ನು ಮಾತ್ರ ಬಲ್ಲವರಿಗೇ ಬಿಡತಕ್ಕದ್ದು.

ಇನ್ನು ಸಿಮೆಂಟು ಸೋತದ್ದೇಕೆ? ಸಿಮೆಂಟು ಗಟ್ಟಿಯಾಗುವುದು ನೀರನ್ನು ತನ್ನೊಳಗೆ ಕೂಡಿಸಿಕೊಂಡು. ಬೆಂಕಿಯ ತೀವ್ರ ಕಾವು ಆ ನೀರನ್ನೇ ಹೊರದೂಡುತ್ತದೆ. ಕಟ್ಟು ಸಡಿಲಿ ಪುಡಿಯಾಗುತ್ತದೆ. ಅಲ್ಲದೆ ಕಾದ ಇಟ್ಟಿಗೆ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಸಂದಿನ ಗಾರೆ ಇಟ್ಟಿಗೆಗಿಂತ ಗಡುಸಾಗಿದ್ದರೆ ಒಡೆಯುವುದು ಇಟ್ಟಿಗೆಯೇ. ಗಾರೆ ಹೋದರೆ ಮತ್ತೆ ತುಂಬಬಹುದು. ಇಟ್ಟಿಗೆ ಹೋದರೆ ಗೋಡೆಯನ್ನೇ ಬಿಚ್ಚಬೇಕು. ನನ್ನ ಹಂಚುಗಳಿಗೂ ಹಿಗ್ಗಲು ಎಡೆಯಿರಲಿಲ್ಲ, ಅದಕ್ಕೇ ಎದ್ದವು.

ಎರಡನೆಯ ಸಲ ಕೆಲಸ ಹೀಗೆ ನಡೆಯಿತು. ಉಳಿಯಿಂದ ಹಳೆಯ ಸಂದುಗಳನ್ನು ಸುಮಾರು ಒಂದಂಗುಲ ಆಳಕ್ಕೆ ಕೆರೆದು, ಧೂಳು ತೆಗೆದು, ತೇವ ಮಾಡಿದೆ. ಉರಿ ತಾಗುವ ಒಳಮೈಗೆ ಫೈರ್ ಕ್ಲೇ ಎಂದು ಅಂಗಡಿಯಲ್ಲಿ ದೊರೆಯುವ ಬೆಂಕಿಮಣ್ಣಿನ ಗಾರೆಯನ್ನು ತೆಳ್ಳಗೆ ತುಂಬಿದೆ. ಸೀಳಿದ್ದ ಇಟ್ಟಿಗೆಗಳ ಬದಲಿಗೆ ಬೆಂಕಿಗೆ ತಾಳುವ ಫೈರ್ ಬ್ರಿಕ್ ಕೂರಿಸಿದೆ. ಗೂಡಿನ ಆಕಾರವನ್ನು ಮಾತ್ರ ಕದಲಿಸಲಿಲ್ಲ. ಓರೆಯಾದ ಪಕ್ಕದ ಗೋಡೆಗಳು ಕಾವನ್ನು ಕೋಣೆಗೆ ತಿರುಗಿಸುತ್ತವೆ, ಕಿರಿದಾದ ಕಂಠ ಹೊಗೆಯನ್ನು ಸೆಳೆಯುತ್ತದೆ ಎಂಬುದನ್ನು ಕೌಂಟ್ ರಮ್‌ಫರ್ಡ್ 1796ರಷ್ಟು ಹಿಂದೆಯೇ ವಿವರಿಸಿದ್ದಾನೆ.

ಮುಂಗಟ್ಟೆಗೆ ಮಂಗಳೂರಿನ ಕೆಂಪು ನೆಲಹಂಚುಗಳನ್ನು ಆರಿಸಿಕೊಂಡೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಆ ಕರಾವಳಿಯ ಆವೆಮಣ್ಣು ನಮ್ಮ ಮನೆಗಳಿಗೆ ನಂಟು. ಆರಂಗುಲದ 18 ಹಂಚುಗಳು, ಮೂರು ಸಾಲು. ಅಂಟಿಸುವ ಮೊದಲು ಒಣಗಿದ ನೆಲದ ಮೇಲೆ ಸುಮ್ಮನೆ ಜೋಡಿಸಿ ನೋಡಿದೆ. ರಸಮಟ್ಟ ಇಟ್ಟು ಮಟ್ಟ ಹಿಡಿದೆ. ಕಾವಿಗೆ ತಾಳುವ ಅಂಟನ್ನು ಬಳಸಿ, ಹಂಚಿನ ನಡುವೆ 4 ಮಿಲಿಮೀಟರು, ಗೋಡೆಯ ಅಂಚಿನಲ್ಲಿ ಅದಕ್ಕಿಂತ ತುಸು ಹೆಚ್ಚು ಎಡೆ ಬಿಟ್ಟೆ.

ಕಷ್ಟವಾದದ್ದು ಕಾಯುವುದು. ವಾರವೊಂದು ಕಳೆದ ಮೇಲೆ ಮೊದಲ ಸಂಜೆ ಒಂದು ಹಿಡಿ ಪುಳ್ಳೆ, ಮರುಸಂಜೆ ಅದರ ಎರಡರಷ್ಟು, ಮೂರನೆಯ ಸಂಜೆ ಒಂದು ಕೊರಡು. ಒಳಗುಳಿದ ತೇವ ನಿಧಾನವಾಗಿ ಹೊರಡಬೇಕು. ಅವಸರಿಸಿದರೆ ಆವಿಯಾಗಿ ಸಂದನ್ನು ಸೀಳುತ್ತದೆ.

ಈಗ ಆ ಅನಿಲದ ಸುಳಿವು ಕಂಡೊಡನೆ ಕೂಗುವ ಪುಟ್ಟ ಯಂತ್ರಗಳು ದೊರೆಯುತ್ತವೆ. ನಮ್ಮ ನಡುಕೋಣೆಯ ಗೋಡೆಯಲ್ಲೂ ಒಂದಿದೆ. ಈ ಮಳೆಗಾಲ ಮೊಮ್ಮಗಳು ಮತ್ತೆ ಅಗ್ಗಿಷ್ಟಿಕೆಯ ಮುಂದೆ ಕುಳಿತು ಓದುತ್ತಾಳೆ. ಆದರೆ ಮಲಗುವುದು ಬೇರೆ ಕೋಣೆಯಲ್ಲಿ, ಕೆಂಡ ಪೂರ್ತಿ ಆರಿತೆಂದು ನಾನು ನೋಡಿ ಬಂದ ಮೇಲೆ.