ಹಾಲು ಸಾಲದು ಎನ್ನುವ ಮೊದಲು

ಹೆರಿಗೆಯಾದ ಎರಡನೆಯ ದಿನವೋ ಮೂರನೆಯ ದಿನವೋ ಬಾಣಂತಿಯ ಮಂಚದ ಸುತ್ತ ಒಂದು ಮಾತು ಹುಟ್ಟಿಕೊಳ್ಳುತ್ತದೆ: ‘ಇವಳಿಗೆ ಹಾಲು ಸಾಲದು.’ ಮಗು ಅತ್ತದ್ದಕ್ಕೆ ಅಜ್ಜಿ ಹೇಳುತ್ತಾರೆ, ನೋಡಲು ಬಂದ ನೆಂಟರು ಹೌದೆನ್ನುತ್ತಾರೆ, ಸಂಜೆಯೊಳಗೆ ಪುಡಿಹಾಲಿನ ಡಬ್ಬಿ ಮನೆ ಸೇರಿರುತ್ತದೆ. ಎದೆಹಾಲು ಒಳ್ಳೆಯದೆಂದು ನಮ್ಮ ಮನೆಗಳಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಅದು ಹೇಗೆ ಹುಟ್ಟುತ್ತದೆ, ಏತಕ್ಕೆ ಬತ್ತುತ್ತದೆ ಎಂಬುದನ್ನು ಮಾತ್ರ ಹೇಳಲೇಬೇಕು. ನಿಜವಾಗಿಯೂ ಹಾಲು ಕಡಿಮೆಯಿರುವ ತಾಯಂದಿರು ಇದ್ದಾರೆ, ಆದರೆ ಅಂಥವರು ಕೆಲವರೇ. ಹೆಚ್ಚಿನವರಿಗೆ ಆ ಮೊದಲ ವಾರದಲ್ಲಿ ಸಿಗಬೇಕಾದ ನೆರವು ಸಿಕ್ಕಿರುವುದಿಲ್ಲ.

ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ, ಅಂಟಂಟಾದ ಗಿಣ್ಣುಹಾಲು. ಒಂದು ಸಲಕ್ಕೆ ಒಂದು ಚಮಚದಷ್ಟು ಬಂದರೆ ಹೆಚ್ಚು. ಹುಟ್ಟಿದ ದಿನ ಮಗುವಿನ ಪುಟ್ಟ ಹೊಟ್ಟೆ ಹಿಡಿಯುವುದೂ ಸುಮಾರು ಅಷ್ಟೇ. ಈ ಹಾಲಿನಲ್ಲಿ ವಿಟಮಿನ್ ಎ, ಬಿಳಿ ರಕ್ತಕಣಗಳು, ಐಜಿಎ ಎಂಬ ಪ್ರತಿಕಾಯಗಳು ತುಂಬಿರುತ್ತವೆ. ತಾಯಿಯ ಕರುಳು, ಶ್ವಾಸನಾಳಗಳು ಯಾವ ರೋಗಾಣುಗಳನ್ನು ಎದುರಿಸಿವೆಯೋ ಅವುಗಳಿಗೆ ತಕ್ಕ ಪ್ರತಿಕಾಯಗಳೇ ಹಾಲಿಗೆ ಇಳಿದು ಬಂದು ಮಗುವಿನ ಕರುಳಿನ ಒಳಗೋಡೆಯನ್ನು ಕಾಯುತ್ತವೆ. ಅಂದರೆ ಮಗು ಯಾವ ಮನೆಯಲ್ಲಿ ಬೆಳೆಯಬೇಕೋ ಆ ಮನೆಯ ರೋಗಗಳಿಗೇ ಹೊಂದಿಕೊಂಡ ರಕ್ಷಣೆ ಅದು. ಯಾವ ಕಾರ್ಖಾನೆಯೂ ಇದನ್ನು ಡಬ್ಬಿಗೆ ತುಂಬಲಾರದು. ಇಂಥ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿ, ಬದಲಿಗೆ ಸಕ್ಕರೆ ನೀರು ಹಾಕುವುದನ್ನು, ಜೇನುತುಪ್ಪ ನೆಕ್ಕಿಸುವುದನ್ನು ನೋಡಿದರೆ ಸಂಕಟವಾಗುತ್ತದೆ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಗರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ.

ಮಗು ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ಮಾಡಿಸುತ್ತದೆ, ಆಕ್ಸಿಟೋಸಿನ್ ಮಾಡಿದ ಹಾಲನ್ನು ಇಳಿಸುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿಯಲ್ಲಿ ಹೆಚ್ಚು. ಆದ್ದರಿಂದ ರಾತ್ರಿ ಹಾಲೂಡಿಸುವುದನ್ನು ಬಿಟ್ಟರೆ ಹಗಲಿನ ಹಾಲಿಗೂ ಪೆಟ್ಟು ಬೀಳುತ್ತದೆ. ಆಕ್ಸಿಟೋಸಿನ್‌ಗೆ ನೋವು, ಭಯ, ಸಂಕೋಚಗಳೇ ಶತ್ರು. ‘ನಿನಗೆ ಹಾಲೇ ಇಲ್ಲ’ ಎಂದು ಹತ್ತು ಸಲ ಕೇಳಿಸಿಕೊಂಡ ಹೆಣ್ಣಿಗೆ ಎದೆಯಲ್ಲಿ ಹಾಲಿದ್ದರೂ ಸಲೀಸಾಗಿ ಇಳಿಯುವುದಿಲ್ಲ. ಎದೆಯೊಳಗೇ ಇನ್ನೊಂದು ಲೆಕ್ಕಾಚಾರವೂ ನಡೆಯುತ್ತಿರುತ್ತದೆ: ಹಾಲು ಖಾಲಿಯಾಗದೆ ಉಳಿದರೆ ಹೊಸ ಹಾಲಿನ ತಯಾರಿ ನಿಧಾನವಾಗುತ್ತದೆ. ಬಾವಿಯ ಹಾಗೆ, ಸೇದಿದಷ್ಟೂ ಊರುತ್ತದೆ. ಪುಡಿಹಾಲು ಕುಡಿದು ಮಲಗಿದ ಮಗು ಎದೆಗೆ ಬರುವುದು ಒಂದು ಸಲ ಕಡಿಮೆ. ಅಷ್ಟರಮಟ್ಟಿಗೆ ಹಾಲೂ ಕಡಿಮೆ. ವಾರ ಕಳೆಯುವುದರೊಳಗೆ ಅಜ್ಜಿಯ ಮಾತು ನಿಜವಾಗಿಬಿಡುತ್ತದೆ.

ಇದನ್ನು ತಡೆಯುವ ಉಪಾಯ ಮಗುವಿನ ಬಾಯಿಯಲ್ಲಿದೆ. ಮಗು ಬಾಯಿ ದೊಡ್ಡದಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು. ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪುಭಾಗದ ಬಹುಪಾಲು ಬಾಯೊಳಗಿರಬೇಕು. ತೊಟ್ಟನ್ನಷ್ಟೇ ಕಚ್ಚಿಕೊಂಡರೆ ತಾಯಿಗೆ ತೊಟ್ಟು ಬಿರಿದು ಪ್ರಾಣ ಹೋಗುವ ನೋವು, ಮಗುವಿಗೆ ಹಾಲಿಲ್ಲದ ಬರಿ ಚೀಪಾಟ. ಕುಡಿಯುವ ಕೊನೆಯಲ್ಲಿ ಬರುವ ಹಾಲಿನಲ್ಲಿ ಕೊಬ್ಬು ಹೆಚ್ಚು, ಹಾಗಾಗಿ ಒಂದು ಕಡೆ ಪೂರಾ ಮುಗಿಸಲು ಬಿಟ್ಟು ಆಮೇಲೆ ಇನ್ನೊಂದು ಕಡೆಗೆ ಹಾಕಬೇಕು. ದಿನಕ್ಕೆ 8ರಿಂದ 12 ಸಲ ಹಾಲು ಕೇಳುವುದು ಎಳೆಮಗುವಿನ ಸಹಜ ಲಕ್ಷಣ. ಹಾಲು ಸಾಲುತ್ತಿದೆಯೇ ಎಂದು ಅಳುವಿನಿಂದ ಅಳೆಯಬೇಡಿ. ಐದನೆಯ ದಿನದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ, ಮೊದಲ ದಿನಗಳಲ್ಲಿ ಇಳಿದ ತೂಕ ಸುಮಾರು ಎರಡು ವಾರದೊಳಗೆ ಮರಳಿದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಉಚ್ಚೆ ಕಡಿಮೆಯಾಗಿ, ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಓಡಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಶೇ. 88.6 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆದರೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಶೇ. 41.8 ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರಕ್ಕೆ ಅಜ್ಜಿಯರನ್ನು ದೂರಿ ಪ್ರಯೋಜನವಿಲ್ಲ, ಆ ಮೊದಲ ಗಂಟೆ ಆಸ್ಪತ್ರೆಯವರ ಕೈಯಲ್ಲಿರುತ್ತದೆ. ಕರ್ನಾಟಕದಲ್ಲಿ ಸುಮಾರು ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್. ಆದರೆ ಸಿಸೇರಿಯನ್ ಆಗಿದೆ ಎಂಬುದೇ ಹಾಲು ತಡವಾಗಲು ಕಾರಣವಾಗಬೇಕಿಲ್ಲ. ತಾಯಿಗೆ ಎಚ್ಚರವಿದ್ದರೆ ಮಗುವನ್ನು ಅವಳ ಎದೆಯ ಮೇಲೆ ಬರಿಮೈಗೆ ಬರಿಮೈ ತಾಗುವಂತೆ ಮಲಗಿಸಬಹುದು, ಹಿಡಿದುಕೊಳ್ಳಲು ಒಬ್ಬರು ಪಕ್ಕದಲ್ಲಿರಬೇಕು ಅಷ್ಟೆ. ಸಮಾಧಾನದ ಸಂಗತಿಯೊಂದಿದೆ: ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನಷ್ಟೇ ಕುಡಿಯುವವರು 2015–16ರಲ್ಲಿ ಶೇ. 54.9 ಇದ್ದದ್ದು ಈ ಸಮೀಕ್ಷೆಯ ಹೊತ್ತಿಗೆ ಶೇ. 63.7ಕ್ಕೆ ಏರಿದೆ. ಆರು ತಿಂಗಳವರೆಗೆ ನೀರೂ ಬೇಡ, ಬೇಸಿಗೆಯಲ್ಲೂ ಬೇಡ, ಹಾಲಿನಲ್ಲಿ ಶೇ. 87ರಷ್ಟು ನೀರೇ ಇದೆ. ಹೆಚ್ಚುವರಿಯಾಗಿ ಬೇಕಾದದ್ದೆಂದರೆ ವೈದ್ಯರು ಬರೆದುಕೊಡುವ ವಿಟಮಿನ್ ಡಿ ಹನಿ. ಆರು ತಿಂಗಳ ಮೇಲೆ ಮೆತ್ತಗಿನ ಊಟದ ಜೊತೆಗೆ ಎರಡು ವರ್ಷ, ಅದರಾಚೆಗೂ ಎದೆಹಾಲು ಮುಂದುವರಿಯಲಿ.

ಹಾಲೂಡಿಸುವುದರಿಂದ ತಾಯಿಗೇನು ಲಾಭ ಎಂದು ಕೇಳುವವರು ಕಡಿಮೆ. ಹಾಲಿಳಿಸುವ ಆಕ್ಸಿಟೋಸಿನ್ನೇ ಗರ್ಭಕೋಶವನ್ನೂ ಕುಗ್ಗಿಸಿ ರಕ್ತಸ್ರಾವಕ್ಕೆ ತಡೆ ಹಾಕುತ್ತದೆ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರ್‌ನ ಅಪಾಯ ಶೇ. 4.3ರಷ್ಟು ತಗ್ಗುತ್ತದೆ. ಅಂಡಾಶಯದ ಕ್ಯಾನ್ಸರ್, ಎರಡನೆಯ ಬಗೆಯ ಸಕ್ಕರೆ ಕಾಯಿಲೆಗಳ ಅಪಾಯವೂ ಕಡಿಮೆ. ಇಷ್ಟೆಲ್ಲ ಕೊಡುವ ಮೈಗೆ ನಾವು ಪಥ್ಯದ ಹೆಸರಿನಲ್ಲಿ ಅರೆಹೊಟ್ಟೆ ಊಟ ಹಾಕುತ್ತೇವೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ ಎಂದು ಲೋಟ ಅಳೆದು ಕೊಡುವ ಮನೆಗಳು ಈಗಲೂ ಇವೆ. ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿ ಹಾಕಿ ಅಡುಗೆ ಮಾಡಿ, ಸಂತೋಷ. ಜೊತೆಗೆ ಬಾಯಾರಿದಷ್ಟು ನೀರು, ಬೇಳೆ, ಕಾಳು, ಹಣ್ಣು, ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ, ಎಲ್ಲವೂ ಇರಲಿ. ರಾಜ್ಯದಲ್ಲಿ 2017ರಿಂದ ಅಂಗನವಾಡಿಗಳ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಊಟವಿದೆ.

ತಿಂಗಳು ತುಂಬದೆ ಹುಟ್ಟಿ ಚೀಪುವ ಶಕ್ತಿಯಿಲ್ಲದ ಮಗುವಿಗೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಕುಡಿಸಬಹುದು. ತೊಳೆಯಲು ಸುಲಭವಾದ್ದರಿಂದ ಬಾಟಲಿಗಿಂತ ನಮ್ಮ ಹಳೆಯ ಒಳಲೆಯೇ ಎಷ್ಟೋ ಮೇಲು. ತಾಯಿಯ ಹಾಲು ಸಿಗದ ಮಗುವಿಗೆ ಇತರ ತಾಯಂದಿರು ದಾನ ಕೊಟ್ಟ, ಪಾಶ್ಚರೀಕರಿಸಿದ ಹಾಲನ್ನು ಒದಗಿಸುವ ಹಾಲಿನ ಬ್ಯಾಂಕುಗಳಿವೆ. ದೇಶದಲ್ಲಿ ಮೊದಲನೆಯದು 1989ರಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಇದಾವುದೂ ಆಗದೆ, ವೈದ್ಯರ ಸಲಹೆಯಂತೆ ಪುಡಿಹಾಲನ್ನೇ ಕೊಡಬೇಕಾಗಿ ಬಂದ ತಾಯಿ ಯಾವ ತಪ್ಪನ್ನೂ ಮಾಡಿಲ್ಲ. ಅವಳನ್ನು ಯಾರೂ ಹಳಿಯಬಾರದು. ಆದರೆ ಪುಡಿಹಾಲಿನ ಜಾಹೀರಾತು 1992ರ ಕಾನೂನಿನಂತೆ ನಿಷಿದ್ಧ. ಆಸ್ಪತ್ರೆಯ ಮೂಲಕ ಅದನ್ನು ಪ್ರಚಾರ ಮಾಡುವುದೂ ನಿಷಿದ್ಧ. ಇನ್ನು ನೌಕರಿಯಲ್ಲಿರುವ ತಾಯಂದಿರಿಗೆ ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳ ಸಹಿತ ರಜೆ ಕೊಟ್ಟಿದೆ. ಕೂಲಿಗೆ ಹೋಗುವ, ಮನೆಗೆಲಸ ಮಾಡುವ ತಾಯಂದಿರಿಗೆ ಆ ರಜೆ ಸಿಗುವುದಿಲ್ಲ. ಇದು ನಾವಿನ್ನೂ ತೀರಿಸದ ಸಾಲ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ಕೊಡಬೇಕು. ಅವರು ಬಂದಾಗ ತಾಯಿ ಕಾರ್ಡ್ ತೋರಿಸಿ ಕಳುಹಿಸಿಬಿಡಬೇಡಿ. ಮಗುವನ್ನು ಎದೆಗೆ ಹಾಕಿಕೊಂಡು, ಸರಿಯಾಗಿ ಕುಡಿಯುತ್ತಿದೆಯೇ ನೋಡಿ ಎಂದು ಕೇಳಿ. ತೂಕ ಹಾಕಿಸಿ. ಮನೆಯ ಗಂಡಸರು ಆ ಹೊತ್ತಿಗೆ ಪಾತ್ರೆ, ಬಟ್ಟೆಗಳ ಕೆಲಸ ವಹಿಸಿಕೊಳ್ಳಲಿ. ಡಬ್ಬಿ ತರುವ ಮಾತು ಇದೆಲ್ಲ ಆದ ಮೇಲೆ, ಅದೂ ವೈದ್ಯರು ಹೇಳಿದರೆ.