ಮಿರಗಕ್ಕೆ ಮುಂಚೆ ಏಳುವ ತೂಫಾನು



ಮೇ ತಿಂಗಳ ಕೊನೆಗೆ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂಬ ಸುದ್ದಿ ಬಂದೊಡನೆ ನಮ್ಮಲ್ಲಿ ಕೆಲವರು ಕಬ್ಬಿನ ನೀರಿನ ಪಾಳಿ ಬಿಟ್ಟು ಮುಗಿಲು ನೋಡುತ್ತ ಕೂಡುತ್ತಾರೆ. ತೂಫಾನು ಮಳೆಯನ್ನು ತರುವುದೂ ಉಂಟು, ಬರಬೇಕಾದ ಮಳೆಯನ್ನು ಎಳೆದುಕೊಂಡು ಹೋಗುವುದೂ ಉಂಟು. ಎಲ್ಲವೂ ಅದು ಹಿಡಿಯುವ ದಾರಿಯ ಮೇಲಿದೆ.

2025ರ ಮೇ 24ರಂದು ಅಂಥ ಒಂದು ವಾಯುಭಾರ ಕುಸಿತ ರತ್ನಾಗಿರಿಯ ಬಳಿ ದಡ ಹತ್ತಿತು. ಅದೇ ದಿನ ಕೇರಳಕ್ಕೆ ಮಾನ್ಸೂನು ಬಂತು. ಮೇ 26ಕ್ಕೆ ಮುಂಬಯಿ ಮುಟ್ಟಿತು. ನಮ್ಮ ಸೊಲ್ಲಾಪುರ ಸೀಮೆಯೂ ತೊಯ್ದಿತು. ಆದರೆ ಮುಂದೆ ಜೂನ್ ಮಧ್ಯದವರೆಗೆ ಮಾನ್ಸೂನು ಅಲ್ಲಲ್ಲೇ ನಿಂತಿತು. 2023ರ ಕಥೆ ಬೇರೆ. ಜೂನ್ 6ರಂದು ಎದ್ದ ಬಿಪರ್ಜಾಯ್ ದಡಕ್ಕೆ ಬಾರದೆ ಉತ್ತರಕ್ಕೆ ಸಾಗಿ, 15ರಂದು ಗುಜರಾತದ ಜಖಾವು ಬಂದರಿನ ಹತ್ತಿರ ಅಪ್ಪಳಿಸಿತು. ಸಮುದ್ರದ ತೇವವೆಲ್ಲ ಅದರ ಕಡೆಗೆ ಸೆಳೆಯಿತು. 11ಕ್ಕೆ ರತ್ನಾಗಿರಿಗೆ ಬಂದಿದ್ದ ಮಾನ್ಸೂನು ಮುಂಬಯಿಗೆ ಹೋದದ್ದು 25ಕ್ಕೆ.

ಈ ಕಾಲದಲ್ಲೇ ಯಾಕೆ ಏಳುತ್ತವೆ? ಸಮುದ್ರದ ನೀರು 27 ಡಿಗ್ರಿ ದಾಟಿ ಕಾದಿರುತ್ತದೆ. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ಇನ್ನೂ ದೊಡ್ಡ ಜಗಳವಿರುವುದಿಲ್ಲ. ಜುಲೈದಲ್ಲಿ ಇವೆರಡೂ ಎದುರುಬದರಾಗಿ ಬೀಸಿ ಮೋಡದ ಕಂಬವನ್ನೇ ಮುರಿಯುತ್ತವೆ. ತಾಸಿಗೆ 62 ಕಿಲೋಮೀಟರ್ ವೇಗ ಬಂದ ಮೇಲೆಯೇ ಹೆಸರಿಡುವುದು ಹವಾಮಾನ ಖಾತೆಯ ರೂಢಿ. 2025ರ ಆ ಕುಸಿತಕ್ಕೆ ಹೆಸರೇ ಇರಲಿಲ್ಲ. ಆದರೂ ಮಳೆ ಬಂತು.

ಹವಾಮಾನ ನೋಡುವ ಹವ್ಯಾಸವಿದ್ದವರು ಒಂದು ವಾಯುಭಾರಮಾಪಕ ತಂದು ಗೋಡೆಗೆ ತೂಗುಹಾಕಬೇಕು. ಅದರ ಮುಳ್ಳು ದಿನಾಲು ಬೆಳಗಿನ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಈ ಇಳಿತಕ್ಕೆ ಗಾಬರಿ ಬೇಡ. ಇಂದಿನ ಹತ್ತು ಗಂಟೆಯನ್ನು ನಿನ್ನಿನ ಹತ್ತು ಗಂಟೆಯ ಜೊತೆ ತೂಗಿ ನೋಡಿ ವಹಿಯಲ್ಲಿ ಬರೆದಿಡಬೇಕು. ಎರಡು-ಮೂರು ದಿನ ಸತತ ಇಳಿಯುತ್ತಿದ್ದರೆ ಮಾತು ಬೇರೆ. ಇನ್ನೊಂದು ಹಳೆಯ ಉಪಾಯ: ಬೀಸುವ ಗಾಳಿಗೆ ಬೆನ್ನು ಕೊಟ್ಟು ನಿಂತರೆ ವಾಯುಭಾರ ಕಡಿಮೆಯಿರುವ ಜಾಗ ಎಡಗೈ ಕಡೆಗಿರುತ್ತದೆ. ತೆಂಕಣ ಗಾಳಿ ಎದ್ದರೆ ಅದು ಪಡುವಣಕ್ಕಿದೆ, ಅಂದರೆ ಕೊಂಕಣದ ಕಡೆ. ಗುಡುಗಿನ ಮೋಡದ ಸುಂಟರಗಾಳಿಯಲ್ಲಿ ಮಾತ್ರ ಈ ಲೆಕ್ಕ ನಡೆಯದು.

ಮೊಬೈಲಿನಲ್ಲಿ ಇನ್ಸಾಟ್ ಉಪಗ್ರಹದ ಚಿತ್ರವೂ ಸಿಗುತ್ತದೆ. ಆದರೆ ನಿರ್ಣಯಕ್ಕೆ ಖಾತೆಯ ಸೂಚನೆಯೇ ಪ್ರಮಾಣ. ಕುಸಿತ ಕೊಂಕಣದ ದಡಕ್ಕೆ ತಿರುಗಿದೆ ಎಂದು ಸೂಚನೆ ಬಂದರೆ ಯೂರಿಯಾ ಹಾಕುವುದನ್ನು ತಡೆದು, ಎರೆ ಹೊಲದ ಬಸಿಗಾಲುವೆಯ ಬಾಯಿ ಬಿಚ್ಚಿರಿ. ದೂರದಿಂದಲೇ ಉತ್ತರಕ್ಕೆ ಸಾಗಿದೆ ಎಂದರೆ ಸುರು ಹಂಗಾಮಿನ ಕಬ್ಬಿಗೆ ಒಂದು ಪಾಳಿಯೂ ತಪ್ಪಿಸಬೇಡಿರಿ; ಮಿರಗದ ಮಳೆ ಎರಡು ವಾರ ತಡವಾದೀತು.